ಸೂರಿನಡಿಯ ತಂತಿದಾರಿಗೆ ಎಷ್ಟು ಜಾಗ ಬೇಕು?

ವಸ್ತಾರೆ, ಆಲ್ದೂರು, ಮೂಡಿಗೆರೆ, ಕಳಸದ ಕಡೆ ಕಾಳುಮೆಣಸಿನ ಕೊಯ್ಲು ಶುರುವಾಯಿತೆಂದರೆ ತೋಟಗಳಲ್ಲಿ ಕೇಳಿಬರುವ ಎಚ್ಚರಿಕೆ ಒಂದೇ: ಏಣಿ ಎತ್ತುವ ಮೊದಲು ಮೇಲೆ ನೋಡಿ. ಬಿದಿರಿನ ಏಣಿ ಹಿಂದೆ ಸರಿದು ಅಲ್ಯೂಮಿನಿಯಂ ಏಣಿ ಬಂದ ಮೇಲೆ ಈ ಮಾತಿನ ತೂಕ ಹೆಚ್ಚಿದೆ. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಬಳ್ಳಿಗೆ ಏಣಿ ಆನಿಸಲು ಹೋಗಿ, ಅದರ ತುದಿ ಕರೆಂಟಿನ ತಂತಿಗೆ ತಾಗಿ ಜೀವ ಕಳೆದುಕೊಂಡವರ ಸುದ್ದಿ ಚಿಕ್ಕಮಗಳೂರು, ಕೊಡಗು, ಹಾಸನದ ಕಾಫಿ ಸೀಮೆಯಿಂದ ಮತ್ತೆ ಮತ್ತೆ ಬರುತ್ತಲೇ ಇದೆ. ನೆರಳುಮರಗಳ ಕೊಂಬೆ ಸವರುವ ಮರಗಸಿಯ ದಿನಗಳಲ್ಲೂ ಇದೇ ಭಯ. ತಂತಿ ಎಲ್ಲಿ ಹಾದುಹೋಗಿದೆ ಎಂಬುದು ತೋಟದ ಎಲ್ಲರಿಗೂ ಗೊತ್ತಿರುತ್ತದೆ. ಅದರ ಸುತ್ತ ಎಷ್ಟು ಜಾಗ ಬಿಟ್ಟುಕೊಡಬೇಕು ಎಂಬುದು ಮಾತ್ರ ಕಣ್ಣಿಗೆ ಕಾಣುವುದಿಲ್ಲ.

ಕಟ್ಟಡದ ಮೇಲೆ ಹಾಯುವ ಕಡಿಮೆ ವೋಲ್ಟೇಜಿನ ತಂತಿಗೂ ಮಾಡಿಗೂ ನಡುವೆ ಕನಿಷ್ಠ 2.5 ಮೀಟರ್, 11 ಕೆ.ವಿ. ತಂತಿಯಾದರೆ 3.7 ಮೀಟರ್, ಪಕ್ಕದಲ್ಲಿ ಹಾಯ್ದರೆ 1.2 ಮೀಟರ್ ಅಂತರ ಇರಬೇಕೆಂದು ನಮ್ಮ ವಿದ್ಯುತ್ ಸುರಕ್ಷತಾ ನಿಯಮಗಳು ಹೇಳುತ್ತವೆ. ತಂತಿಯ ಜೊತೆಗೆ ಅದರ ಸುತ್ತಲ ಗಾಳಿಯನ್ನೂ ಕಾನೂನು ಅಳೆದುಕೊಟ್ಟಿದೆ. ಅದೇ ವಿದ್ಯುತ್ತು ಮೀಟರ್ ದಾಟಿ ದೊಡ್ಡ ಕಟ್ಟಡವೊಂದರ ಒಳಗೆ ಕಾಲಿಟ್ಟ ಮೇಲೆ ಈ ಅಳತೆಯ ಎಚ್ಚರ ಸಡಿಲವಾಗುತ್ತದೆ. ಫಾಲ್ಸ್ ಸೀಲಿಂಗಿನ ಮೇಲೆ, ಓಣಿಯ ಕತ್ತಲಲ್ಲಿ, ಮಹಡಿಯಿಂದ ಮಹಡಿಗೆ ಏರುವ ಕಿರಿದಾದ ಶಾಫ್ಟಿನಲ್ಲಿ ಕೇಬಲ್ಲುಗಳು ಹೇಗೆ ಮಲಗಿವೆ, ಅವುಗಳ ಪಕ್ಕ ಒಂದು ಕೈ ತೂರುವಷ್ಟಾದರೂ ಜಾಗ ಇದೆಯೇ ಎಂದು ಕೇಳುವವರು ಕಡಿಮೆ. ಕಟ್ಟಡಗಳ ವಿದ್ಯುತ್ ವಿನ್ಯಾಸವೇ ನನ್ನ ಕಸುಬಾದ್ದರಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಇಂದು ಇಡೀ ಕಟ್ಟಡವನ್ನು ಇಟ್ಟಿಗೆ ಇಡುವ ಮೊದಲೇ ಕಂಪ್ಯೂಟರಿನಲ್ಲಿ ಮೂರು ಆಯಾಮದಲ್ಲಿ ಕಟ್ಟಿ ನೋಡುವ ಸೌಲಭ್ಯ ಇದೆ. ಆ ಮಾದರಿಯಲ್ಲಿ ಅತ್ಯಂತ ಅವಸರದಲ್ಲಿ, ಅತ್ಯಂತ ಕೊನೆಗೆ ಗೀಚಲ್ಪಡುವ ವಸ್ತು ಕೇಬಲ್ ಟ್ರೇ. ಅದನ್ನು ಮೊದಲೇ ಎಳೆಯಬೇಕು, ಅದರ ಸುತ್ತಲ ಖಾಲಿ ಜಾಗವನ್ನೂ ಸೇರಿಸಿ ಎಳೆಯಬೇಕು ಎಂಬುದು ನನ್ನ ವಾದ.

ಕೇಬಲ್ ಟ್ರೇ ಎಂದರೆ ಕೇಬಲ್ಲುಗಳನ್ನು ಹೊತ್ತು ನಿಲ್ಲುವ ಲೋಹದ ದಾರಿ. ದೊಡ್ಡ ಆಸ್ಪತ್ರೆಯ ತಳಮಹಡಿಯಲ್ಲಿ ವಾಹನ ನಿಲ್ಲಿಸುವಾಗ ತಲೆ ಎತ್ತಿದರೆ ಕಾಣುತ್ತದೆ. ಮೆಣಸು ಕೊಯ್ಯುವ ಏಣಿಯನ್ನೇ ಮಲಗಿಸಿ, ಸರಳುಗಳಿಂದ ಚಾವಣಿಗೆ ತೂಗುಹಾಕಿದ ಹಾಗೆ ಇರುವುದು ಲ್ಯಾಡರ್ ಟ್ರೇ. ಜನರೇಟರಿನಿಂದ, ಟ್ರಾನ್ಸ್‌ಫಾರ್ಮರಿನಿಂದ ಬರುವ ದಪ್ಪ ಕೇಬಲ್ಲುಗಳಿಗೆ ಅದು ಬೇಕು. ಸಾಲಾಗಿ ತೂತು ಹೊಡೆದ ತಗಡಿನ ಎರಡೂ ಅಂಚು ಮೇಲಕ್ಕೆ ಮಡಿಸಿದ್ದು ಪರ್ಫೊರೇಟೆಡ್ ಟ್ರೇ. ಕಂಬಿ ಹೆಣೆದದ್ದು ಬಾಸ್ಕೆಟ್ ಟ್ರೇ, ಕಂಪ್ಯೂಟರ್ ಜಾಲದ ಮತ್ತು ಕ್ಯಾಮೆರಾದ ತೆಳು ತಂತಿಗಳಿಗೆ. ಈ ಟ್ರೇಗಳು ನಮ್ಮಲ್ಲಿ ಸಾಮಾನ್ಯವಾಗಿ ಎರಡೂವರೆ ಮೀಟರಿನ ತುಂಡುಗಳಾಗಿ ಬರುತ್ತವೆ. ಅಗಲ 150, 300, 450, 600 ಮಿ.ಮೀ. ಹೀಗೆ. ಇವು ಎಷ್ಟು ಭಾರ ತಾಳಬೇಕು, ಹೇಗೆ ಪರೀಕ್ಷಿಸಬೇಕು ಎಂಬುದಕ್ಕೆ ಐಇಸಿ 61537 ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆ.

ಮಲೆನಾಡಿನ ಹಳೆಯ ಹಂಚಿನ ಮನೆಗಳಿಗೆ ಇದೊಂದೂ ಬೇಕಿರಲಿಲ್ಲ. ಜಂತಿಯ ಉದ್ದಕ್ಕೂ ಮರದ ಪಟ್ಟಿ ಹೊಡೆದು, ಅದರ ಮೇಲೆ ಕ್ಲಿಪ್ಪು ಸಿಕ್ಕಿಸಿದ ತಂತಿ ಬರಿಗಣ್ಣಿಗೆ ಕಾಣುವಂತೆ ಹೋಗುತ್ತಿತ್ತು. ಇಲಿ ಕಚ್ಚಿದರೂ ಹೊಗೆ ಅಡರಿದರೂ ಮನೆಯವರಿಗೆ ತಕ್ಷಣ ತಿಳಿಯುತ್ತಿತ್ತು. ಈಗ ಅದೇ ಬೆಟ್ಟಗಳಲ್ಲಿ ರೆಸಾರ್ಟುಗಳು, ಆಸ್ಪತ್ರೆಗಳು, ಕಾಲೇಜುಗಳು, ದೊಡ್ಡ ಕಾಫಿ ಕ್ಯೂರಿಂಗ್ ಘಟಕಗಳು ಎದ್ದಿವೆ.

ಕ್ಯೂರಿಂಗ್ ಘಟಕದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಕಣದಲ್ಲಿ ಒಣಗಿ ಬಂದ ಕಾಫಿಯ ಸಿಪ್ಪೆ ಬಿಡಿಸುವ ಹಲ್ಲರ್, ಬೀಜವನ್ನು ಮೇಲಕ್ಕೆ ಎತ್ತುವ ಎಲಿವೇಟರ್, ಗಾತ್ರಕ್ಕೆ ತಕ್ಕಂತೆ ಜರಡಿ ಹಿಡಿಯುವ ಗ್ರೇಡರ್, ಬಣ್ಣ ನೋಡಿ ಕೆಟ್ಟ ಬೀಜ ಹಾರಿಸುವ ಯಂತ್ರ, ಇವೆಲ್ಲದಕ್ಕೂ ಮೋಟಾರು. ಪ್ರತಿ ಮೋಟಾರಿಗೆ ಒಂದು ಪವರ್ ಕೇಬಲ್, ಜೊತೆಗೆ ನಿಯಂತ್ರಣದ ಕೇಬಲ್. ಎಲ್ಲವೂ ಒಂದು ಪ್ಯಾನೆಲ್ ಕೋಣೆಗೆ ಬಂದು ಸೇರಬೇಕು. ಹಾರುವ ಹೊಟ್ಟಿನ ಪುಡಿ ಮುಚ್ಚು ತಳದ ಟ್ರೇಯ ಮೇಲೆ ಪದರಪದರವಾಗಿ ಕೂರುತ್ತದೆ. ಆ ಪುಡಿ ಕೇಬಲ್ಲಿನ ಕಾವು ಹೊರಗೆ ಹೋಗದಂತೆ ತಡೆಯುತ್ತದೆ. ಕಿಡಿ ಬಿದ್ದರೆ ತಾನೇ ಉರುವಲಾಗುತ್ತದೆ. ಲ್ಯಾಡರ್ ಟ್ರೇಯಾದರೆ ಪುಡಿಯ ಬಹುಪಾಲು ಕೆಳಗೆ ಉದುರುತ್ತದೆ. ಇನ್ನು ಮುಂಗಾರು. ತಿಂಗಳುಗಟ್ಟಲೆ ಗೋಡೆ ಬೆವರುವ ಈ ಸೀಮೆಯಲ್ಲಿ ಸತು ಲೇಪಿಸಿದ ತಗಡಿನಿಂದ ಕತ್ತರಿಸಿ ಮಾಡಿದ ಟ್ರೇಯ ಅಂಚುಗಳು ಬೇಗ ತುಕ್ಕು ಹಿಡಿಯುತ್ತವೆ. ಕತ್ತರಿಸಿದ ಕಡೆ ಬರಿ ಕಬ್ಬಿಣ ತೆರೆದುಕೊಂಡಿರುತ್ತದೆ, ಲೇಪವೂ ಸುಮಾರು 20 ಮೈಕ್ರಾನಿನ ತೆಳುವು. ಟ್ರೇ ಪೂರಾ ಸಿದ್ಧವಾದ ಮೇಲೆ ಕಾದ ಸತುವಿನಲ್ಲಿ ಮುಳುಗಿಸಿ ತೆಗೆದರೆ ಲೇಪ ಅದರ ಎರಡರಷ್ಟಕ್ಕೂ ಮೀರುತ್ತದೆ, ಅಂಚುಗಳೂ ಮುಚ್ಚುತ್ತವೆ. ಇದನ್ನೇ ಹಾಟ್ ಡಿಪ್ ಎನ್ನುವುದು. ಕಂಪ್ಯೂಟರ್ ಮಾದರಿಯಲ್ಲಿ ಟ್ರೇಯ ವಿಧಕ್ಕೆ ಕೊಡುವ ಹೆಸರಿನಲ್ಲೇ ಈ ವಿವರ ಸೇರಿರಬೇಕು. ಆ ಹೆಸರು ಪಟ್ಟಿಗೆ ಹೋಗುತ್ತದೆ, ಪಟ್ಟಿ ಖರೀದಿಗೆ ಹೋಗುತ್ತದೆ. ಹೆಸರಿನಲ್ಲಿ ಇಲ್ಲದ್ದು ಗೋದಾಮಿಗೂ ಬರುವುದಿಲ್ಲ.

ಪರದೆಯ ಮೇಲೆ ಟ್ರೇ

ಕಟ್ಟಡ ವಿನ್ಯಾಸಕ್ಕೆ ಇಂದು ಹೆಚ್ಚು ಬಳಕೆಯಲ್ಲಿರುವ ತಂತ್ರಾಂಶಗಳಲ್ಲೊಂದು ರೆವಿಟ್. ಲಿಯೊನಿಡ್ ರೈಝ್ ಮತ್ತು ಅರ್ವಿನ್ ಯುಂಗ್ರೈಸ್ 1997ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ಕಟ್ಟಿದ ಕಂಪನಿಯಿಂದ ಅದು ಹುಟ್ಟಿತು. 2000ದಲ್ಲಿ ಮೊದಲ ಆವೃತ್ತಿ ಬಂತು. 2002ರಲ್ಲಿ ಆಟೊಡೆಸ್ಕ್ ಸಂಸ್ಥೆ ಅದನ್ನು 13.3 ಕೋಟಿ ಡಾಲರಿಗೆ ಕೊಂಡಿತು. ಅದರ ಹಿಂದಿನ ಕಲ್ಪನೆ ಸರಳ. ಹಳೆಯ ನಕ್ಷೆಯಲ್ಲಿ ಗೋಡೆ ಎಂದರೆ ಎರಡು ಗೆರೆ. ಇಲ್ಲಿ ಗೋಡೆ ಎಂದರೆ ದಪ್ಪ, ಎತ್ತರ, ಸಾಮಗ್ರಿ, ಬೆಂಕಿ ತಾಳುವ ಅವಧಿ ಎಲ್ಲ ಗೊತ್ತಿರುವ ಗೋಡೆ. ಒಂದು ಕಡೆ ಅದನ್ನು ಸರಿಸಿದರೆ ಎಲ್ಲ ನಕ್ಷೆಗಳಲ್ಲೂ, ಎಲ್ಲ ಲೆಕ್ಕಗಳಲ್ಲೂ ಸರಿಯುತ್ತದೆ. ಇಂಥ ಮಾಹಿತಿ ತುಂಬಿದ ಮಾದರಿ ಕಟ್ಟುವ ಪದ್ಧತಿಗೆ ಜಗತ್ತು ಬಿಮ್ ಎನ್ನುತ್ತದೆ. ಬ್ರಿಟನ್ 2016ರ ಏಪ್ರಿಲಿನಿಂದ ತನ್ನ ಕೇಂದ್ರ ಸರ್ಕಾರದ ಕಾಮಗಾರಿಗಳಿಗೆ ಅದನ್ನು ಕಡ್ಡಾಯ ಮಾಡಿತು.

ಕಟ್ಟಡದ ಗೋಡೆ, ಬಾಗಿಲು, ಗಾಳಿಯ ಡಕ್ಟು, ನೀರಿನ ಕೊಳವೆಗಳಿಗೆ ರೆವಿಟ್‌ನಲ್ಲಿ ಮೊದಲೇ ಸ್ಥಾನ ಸಿಕ್ಕಿತ್ತು. ಕೇಬಲ್ ಟ್ರೇಗೆ ತನ್ನದೇ ಉಪಕರಣ ಸಿಕ್ಕಿದ್ದು 2010ರಲ್ಲಿ ಬಂದ ಆವೃತ್ತಿಯಲ್ಲಿ. ಅಲ್ಲಿಯವರೆಗೆ ವಿದ್ಯುತ್ತಿನವರು ಗಾಳಿಯ ಡಕ್ಟನ್ನೇ ಚಪ್ಪಟೆ ಮಾಡಿ, ಅದಕ್ಕೆ ಟ್ರೇ ಎಂದು ಹೆಸರಿಟ್ಟು ಕೆಲಸ ಸಾಗಿಸುತ್ತಿದ್ದರು. ಕೊನೆಗೆ ಬಂದವನಿಗೆ ಉಳಿದ ಜಾಗ ಎಂಬ ಮನೋಭಾವಕ್ಕೆ ತಂತ್ರಾಂಶದ ಇತಿಹಾಸವೂ ಒಂದಿಷ್ಟು ಕಾರಣ ಎಂದು ನನಗನಿಸುತ್ತದೆ.

ಈಗ ಟ್ರೇ ಎಳೆಯುವುದು ಸುಲಭವೇ. ಅಗಲ, ಎತ್ತರ, ನೆಲದಿಂದ ಎಷ್ಟು ಮೇಲೆ ಎಂದು ಕೊಟ್ಟು ಒಂದು ಬಿಂದುವಿನಿಂದ ಇನ್ನೊಂದಕ್ಕೆ ಎಳೆಯುತ್ತ ಹೋದರೆ ತಿರುವಿನಲ್ಲಿ ಬೆಂಡ್, ಕವಲಿನಲ್ಲಿ ಟೀ, ಅಗಲ ಬದಲಾದಲ್ಲಿ ರಿಡ್ಯೂಸರ್ ತಾನಾಗಿ ಕೂರುತ್ತವೆ. ಆದರೆ ಯಾವ ವಿಧದ ಟ್ರೇಗೆ ಯಾವ ಬೆಂಡ್ ಎಂದು ಮೊದಲೇ ಹೇಳಿಕೊಟ್ಟಿರಬೇಕು. ಇಲ್ಲದಿದ್ದರೆ ತಿರುವಿನಲ್ಲಿ ತಂತ್ರಾಂಶ ಕೈಚೆಲ್ಲುತ್ತದೆ. ಹೊಸಬರು ಗಂಟೆಗಟ್ಟಲೆ ತಲೆಕೆಡಿಸಿಕೊಳ್ಳುವುದು ಹೆಚ್ಚಾಗಿ ಇಲ್ಲೇ. ಇನ್ನೊಂದು ಆಯ್ಕೆಯೂ ಇದೆ. ಬೆಂಡು, ಟೀಗಳು ಬಿಡಿ ಭಾಗಗಳಾಗಿ ಕಾರ್ಖಾನೆಯಿಂದ ಬರುವ ಟ್ರೇ ಒಂದು ಬಗೆ. ಕೆಲಸದ ಜಾಗದಲ್ಲೇ ಕತ್ತರಿಸಿ ಬಾಗಿಸಿಕೊಳ್ಳುವ ಟ್ರೇ ಇನ್ನೊಂದು ಬಗೆ. ತಂತ್ರಾಂಶ ಎರಡನ್ನೂ ಬೇರೆಬೇರೆಯಾಗಿ ಇಟ್ಟಿದೆ. ಪರದೆಯ ಮೇಲೆ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಸಾಮಗ್ರಿ ಪಟ್ಟಿ ತೆಗೆದಾಗಲೇ ವ್ಯತ್ಯಾಸ ತಿಳಿಯುವುದು: ಬಿಡಿಭಾಗ ಬೇಕಿದ್ದ ಕಡೆ ತಪ್ಪು ಬಗೆ ಆರಿಸಿದ್ದರೆ ಬೆಂಡು, ಟೀಗಳ ಲೆಕ್ಕ ಪಟ್ಟಿಯಲ್ಲಿ ಸರಿಯಾಗಿ ಸಿಗುವುದಿಲ್ಲ. ಗುತ್ತಿಗೆದಾರನಿಗೂ ಮಾಲೀಕನಿಗೂ ಜಗಳ ಹುಟ್ಟುವುದು ಇಂಥ ಕಡೆ.

ಇಷ್ಟಾದರೂ ಇದೆಲ್ಲ ಮೇಲ್ಮೈ. ನಿಜವಾದ ತೊಡಕು ಬೇರೆಯೇ ಇದೆ. ರೆವಿಟ್‌ಗೆ ಟ್ರೇ ಗೊತ್ತು, ಅದರೊಳಗಿನ ಕೇಬಲ್ ಗೊತ್ತಿಲ್ಲ. ದೀಪವನ್ನು ಪ್ಯಾನೆಲ್ಲಿಗೆ ಜೋಡಿಸಿದರೆ ಅದು ಲೋಡ್ ಲೆಕ್ಕ ಹಾಕುತ್ತದೆ, ತಂತಿಯ ಉದ್ದವನ್ನೂ ಅಂದಾಜು ಮಾಡುತ್ತದೆ. ಆದರೆ ಆ ಸರ್ಕಿಟ್ಟಿನ ಕೇಬಲ್ ಈ ಟ್ರೇಯ ಮೂಲಕ ಹಾಯುತ್ತದೆ, ಇಲ್ಲಿ ಇಷ್ಟು ಜಾಗ ತಿನ್ನುತ್ತದೆ ಎಂಬ ಅರಿವು ಅದಕ್ಕೆ ತಾನಾಗಿ ಬರುವುದಿಲ್ಲ. ಟ್ರೇ ಖಾಲಿಯಾಗಿಯೇ ಇರುತ್ತದೆ, ನೋಡಲು ಅಚ್ಚುಕಟ್ಟಾಗಿ. ಹತ್ತು ಕೇಬಲ್ ಹಾಕಿದರೂ ಅಷ್ಟೇ, ನೂರು ಹಾಕಿದರೂ ಅಷ್ಟೇ. ತುಂಬುವಿಕೆಯ ಲೆಕ್ಕವನ್ನು ವಿನ್ಯಾಸಕಾರ ಬೇರೆ ಹಾಳೆಯಲ್ಲಿ ಮಾಡಿಕೊಳ್ಳಬೇಕು.

ಆ ಲೆಕ್ಕ ಹೇಗಿರುತ್ತದೆ ಎಂದು ಒಮ್ಮೆ ನೋಡೋಣ. ಜನರೇಟರಿನಿಂದ ಮುಖ್ಯ ಪ್ಯಾನೆಲ್ಲಿಗೆ ಸಾಮಾನ್ಯವಾಗಿ ಬಳಸುವ, ಮೂರೂವರೆ ಕೋರಿನ 240 ಚದರ ಮಿ.ಮೀ. ಅಲ್ಯೂಮಿನಿಯಂ ಕೇಬಲ್ ತೆಗೆದುಕೊಳ್ಳಿ. ಕವಚ ಸೇರಿ ಅದರ ವ್ಯಾಸ ಸುಮಾರು 60 ಮಿ.ಮೀ.; ತೂಕ ಮೀಟರಿಗೆ ಹತ್ತಿರಹತ್ತಿರ 5 ಕಿಲೋ. ಅಂಥ ಐದು ಕೇಬಲ್ಲುಗಳನ್ನು ಒತ್ತಾಗಿ ಹಾಕಿದರೆ 300 ಮಿ.ಮೀ. ಅಗಲದ ಟ್ರೇ ಸಾಕು ಎನಿಸುತ್ತದೆ. ಆದರೆ ಒತ್ತಾಗಿ ಮಲಗಿದ ಕೇಬಲ್ಲುಗಳು ಒಂದನ್ನೊಂದು ಕಾಯಿಸುತ್ತವೆ. ಕಾದ ಕೇಬಲ್ಲಿಗೆ ವಿದ್ಯುತ್ ಹೊರುವ ಶಕ್ತಿ ಕುಗ್ಗುತ್ತದೆ. ನಡುವೆ ಒಂದೊಂದು ಕೇಬಲ್ಲಿನಷ್ಟು ತೆರಪು ಬಿಟ್ಟರೆ ಅದೇ ಐದಕ್ಕೆ 600 ಮಿ.ಮೀ. ಬೇಕು. ಮುಂದೆ ಬರುವ ಕೇಬಲ್ಲಿಗೆಂದು ಕಾಲು ಭಾಗ ಖಾಲಿ ಬಿಡುವುದು ರೂಢಿ. ಅದಕ್ಕೆ ಇನ್ನೂ ಅಗಲ. ತೂಕವೋ, ಮೀಟರಿಗೆ 25 ಕಿಲೋ. ಒಂದೂವರೆ ಮೀಟರಿಗೊಂದು ಆಸರೆ ಕೊಟ್ಟರೆ ಪ್ರತಿ ಆಸರೆಯ ಮೇಲೂ 37 ಕಿಲೋಗೂ ಮಿಕ್ಕಿ, ಟ್ರೇಯ ತೂಕ ಬಿಟ್ಟು.

ತಿರುವಿನ ಲೆಕ್ಕ ಇನ್ನೂ ಕಟು. ಕವಚವಿರುವ ಬಹುಕೋರ್ ಕೇಬಲ್ಲನ್ನು ಅದರ ವ್ಯಾಸದ 12 ಪಟ್ಟಿಗಿಂತ ಕಡಿಮೆ ತ್ರಿಜ್ಯದಲ್ಲಿ ಬಾಗಿಸಬಾರದು ಎಂಬುದು ಕಡಿಮೆ ವೋಲ್ಟೇಜಿನ ಕೇಬಲ್ಲುಗಳಿಗೆ ಇಲ್ಲಿ ಪಾಲಿಸುವ ನಿಯಮ. 60ರ ಹನ್ನೆರಡು ಪಟ್ಟು 720 ಮಿ.ಮೀ. ತಂತ್ರಾಂಶ ಸುಮ್ಮನೆ ಬಿಟ್ಟರೆ ಟ್ರೇಯ ಅಗಲವನ್ನೇ ತಿರುವಿನ ತ್ರಿಜ್ಯವಾಗಿ ಹಿಡಿಯುತ್ತದೆ: 300ರ ಟ್ರೇಗೆ 300ರ ತಿರುವು. ಪರದೆಯ ಮೇಲೆ ಮೂಲೆ ಚೊಕ್ಕವಾಗಿ ತಿರುಗಿರುತ್ತದೆ. ಕೆಲಸದ ಜಾಗದಲ್ಲಿ ಹತ್ತು ಹನ್ನೆರಡು ಮಂದಿ ಸಾಲಾಗಿ ನಿಂತು, ಒಬ್ಬರು ಕೂಗುತ್ತ ಉಳಿದವರು ಎಳೆಯುತ್ತ ಆ ಕೇಬಲ್ಲನ್ನು ತಂದು ಮೂಲೆ ತಿರುಗಿಸಬೇಕಾದಾಗ ಅದು ತಿರುಗುವುದಿಲ್ಲ. ಬಲವಂತ ಮಾಡಿದರೆ ಒಳಗಿನ ನಿರೋಧಕ ಪದರ ನಲುಗುತ್ತದೆ. ಆ ನಲುಗಿದ ಜಾಗ ಅಂದು ಏನೂ ಹೇಳುವುದಿಲ್ಲ, ವರ್ಷಗಳ ನಂತರ ಒಂದು ದಿನ ಸುಡುತ್ತದೆ. ತಿರುವಿನ ಗುಣಕವನ್ನು ಒಂದರಿಂದ ಎರಡೂವರೆಗೆ ಏರಿಸಲು ವಿನ್ಯಾಸಕಾರನಿಗೆ ಬೇಕಾದದ್ದು ಕೆಲವೇ ಕ್ಷಣ. ಏರಿಸಿದೊಡನೆ ಆ ಮೂಲೆಯಲ್ಲಿ ತೊಲೆಯೋ ಡಕ್ಟೋ ಅಡ್ಡ ಬರುವುದು ಕಾಣುತ್ತದೆ. ಕಾಣಲಿ ಎಂದೇ ಮಾದರಿ ಇರುವುದು.

ಖಾಲಿ ಜಾಗವನ್ನು ಎಳೆಯುವುದು

ಮಾದರಿಗಳೆಲ್ಲ ಸಿದ್ಧವಾದ ಮೇಲೆ ವಾಸ್ತುಶಿಲ್ಪ, ಕಾಂಕ್ರೀಟು, ನೀರು, ಗಾಳಿ, ವಿದ್ಯುತ್ತು ಎಲ್ಲವನ್ನೂ ಒಂದರ ಮೇಲೊಂದು ಇಟ್ಟು ಎಲ್ಲಿ ಯಾವುದು ಯಾವುದಕ್ಕೆ ಡಿಕ್ಕಿ ಹೊಡೆಯುತ್ತದೆ ಎಂದು ನೋಡುತ್ತಾರೆ. ನೇವಿಸ್‌ವರ್ಕ್ಸ್‌ನಂಥ ತಂತ್ರಾಂಶಗಳು ಸಾವಿರಾರು ಡಿಕ್ಕಿಗಳನ್ನು ಹುಡುಕಿ ಪಟ್ಟಿ ಕೊಡುತ್ತವೆ. ಟ್ರೇಯ ತಗಡು ಕೊಳವೆಯ ಕಬ್ಬಿಣಕ್ಕೆ ತಾಗಿದರೆ ಅದು ಡಿಕ್ಕಿ. ಟ್ರೇಯ ಮೇಲೆ ಎರಡೇ ಅಂಗುಲ ಬಿಟ್ಟು ಕೊಳವೆ ಹೋಗಿದ್ದರೆ? ಲೋಹಕ್ಕೆ ಲೋಹ ತಾಗಿಲ್ಲ, ಪಟ್ಟಿಯಲ್ಲಿ ಬರುವುದಿಲ್ಲ. ಆದರೆ ಆ ಟ್ರೇಯೊಳಗೆ ಕೇಬಲ್ ಇಳಿಸುವ ಕೈಗೆ ದಾರಿಯೇ ಇಲ್ಲ.

ಇದಕ್ಕೆ ಉಪಾಯ ಇಲ್ಲದಿಲ್ಲ. ಅಂತರದ ಡಿಕ್ಕಿ ಎಂಬ ಪರೀಕ್ಷೆಯೂ ಉಂಟು: 300 ಮಿ.ಮೀ. ಒಳಗೆ ಏನೇ ಬಂದರೂ ಹೇಳು ಎಂದು ಕೇಳಬಹುದು. ಅದು ಟ್ರೇಯ ಕೆಳಗೂ ಮೇಲೂ ಎಡಕ್ಕೂ ಬಲಕ್ಕೂ ಒಂದೇ ಅಳತೆ ಹಿಡಿಯುತ್ತದೆ. ನಮಗೆ ಬೇಕಾದದ್ದು ಮೇಲೆ ಮತ್ತು ಒಂದು ಪಕ್ಕ ಮಾತ್ರ. ಹೀಗಾಗಿ ಬೇಡದ ಡಿಕ್ಕಿಗಳ ರಾಶಿ ಬಿದ್ದು, ಬೇಕಾದದ್ದು ಅದರೊಳಗೆ ಹೂತುಹೋಗುತ್ತದೆ. ನೇರ ಟ್ರೇ ತಂತ್ರಾಂಶದ ಒಳಗೇ ಕಟ್ಟಿಟ್ಟ ವಸ್ತುವಾದ್ದರಿಂದ ಅದಕ್ಕೆ ನಮ್ಮದೇ ಒಂದು ಪೆಟ್ಟಿಗೆ ಅಂಟಿಸಲು ಬಿಡುವುದಿಲ್ಲ. ನಾನು ಮೆಚ್ಚುವ ದಾರಿ ಇದು: ನಿಜವಾದ ಟ್ರೇಯ ಮೇಲೆ, ಪಕ್ಕದಲ್ಲಿ, ಪಾರದರ್ಶಕ ಬಣ್ಣ ಕೊಟ್ಟ ಇನ್ನೊಂದು ವಸ್ತುವನ್ನು ಉದ್ದಕ್ಕೂ ಎಳೆದು, ಅದಕ್ಕೆ ಕೈಜಾಗ ಎಂದು ಹೆಸರಿಟ್ಟು, ಸಾಮಗ್ರಿ ಪಟ್ಟಿಯಿಂದ ಹೊರಗಿಡುವುದು. ಆಗ ಖಾಲಿ ಜಾಗವೇ ಒಂದು ವಸ್ತುವಾಗುತ್ತದೆ. ಯಾರಾದರೂ ಅದರೊಳಗೆ ಕೊಳವೆ ತಂದರೆ ಡಿಕ್ಕಿ ಎಂದು ದಾಖಲಾಗುತ್ತದೆ. ಬೇಸರದ ಕೆಲಸ, ಎರಡು ಪಟ್ಟು ಎಳೆಯಬೇಕು. ಆದರೂ ಬಿಡಬಾರದು.

ಬಿಡಬಾರದೇಕೆಂದರೆ ಜಾಗ ಹಂಚುವ ಸಭೆಯಲ್ಲಿ ವಿದ್ಯುತ್ತಿನವರ ಸರದಿ ಕೊನೆಗೆ ಬರುತ್ತದೆ. ಕೊಳಚೆ ನೀರಿನ ಕೊಳವೆ ಇಳಿಜಾರಿನಲ್ಲೇ ಹೋಗಬೇಕು, ಅದಕ್ಕೆ ಮೊದಲ ಹಕ್ಕು. ಸರಿ. ಗಾಳಿಯ ಡಕ್ಟು ದೊಡ್ಡದು, ಅದಕ್ಕೆ ಎರಡನೆಯದು. ನೀರಿನ, ಅಗ್ನಿಶಾಮಕದ ಕೊಳವೆಗಳು ಆಮೇಲೆ. ಟ್ರೇ ಹೇಗೂ ಬಾಗುತ್ತದೆ, ಎಲ್ಲಿಯಾದರೂ ನುಸುಳಿಕೊಳ್ಳಲಿ ಎನ್ನುತ್ತಾರೆ. ಟ್ರೇಯ ತಗಡು ಬಾಗೀತು, 720 ಮಿ.ಮೀ. ತ್ರಿಜ್ಯ ಕೇಳುವ ಕೇಬಲ್ ಬಾಗುವುದಿಲ್ಲ. ನೀರಿನ ಕೊಳವೆಯ ಕೆಳಗೆ ಟ್ರೇ ಹೋದರೆ ಸೋರಿದ ಹನಿಯೆಲ್ಲ ಅದರ ಮೇಲೆಯೇ. ಪವರ್ ಟ್ರೇಯ ಪಕ್ಕಕ್ಕೇ ದತ್ತಾಂಶದ ಟ್ರೇ ಒತ್ತಿಕೊಂಡರೆ ಸಂಕೇತಗಳಿಗೆ ತೊಂದರೆ. ಇದೆಲ್ಲ ಗೊತ್ತಿದ್ದೂ ವಿದ್ಯುತ್ತಿನವರು ಸುಮ್ಮನಿರುತ್ತಾರೆ, ಮಾದರಿಯಲ್ಲಿ ತೋರಿಸಲು ಅವರ ಬಳಿ ಬರಿಯ ತೆಳು ತಗಡು ಇರುತ್ತದೆಯಾದ್ದರಿಂದ. ಕೈಜಾಗವನ್ನೂ ಎಳೆದು ತಂದವರ ಮಾತಿಗೆ ಸಭೆಯಲ್ಲಿ ಬೆಲೆ ಬರುತ್ತದೆ.

ಬೆಟ್ಟದ ಕಟ್ಟಡಗಳಿಗೆ ಇನ್ನೊಂದು ತೊಡಕಿದೆ. ಬಯಲುಸೀಮೆಯ ಕಟ್ಟಡದಲ್ಲಿ ನೆಲಮಹಡಿ ಎಂದರೆ ಒಂದೇ ಮಟ್ಟ. ಕಾಫಿ ತೋಟದ ಇಳಿಜಾರಿನಲ್ಲಿ ಕಟ್ಟಿದ ರೆಸಾರ್ಟಿನಲ್ಲೋ ಕಾಲೇಜಿನಲ್ಲೋ ಒಂದು ಭಾಗದ ಮೊದಲ ಮಹಡಿ ಇನ್ನೊಂದು ಭಾಗದ ನೆಲಮಹಡಿಗಿಂತ ಒಂದಡಿ ಕೆಳಗಿರಬಹುದು. ತಂತ್ರಾಂಶ ಟ್ರೇಯ ಎತ್ತರವನ್ನು ಯಾವುದೋ ಒಂದು ಮಟ್ಟದಿಂದ ಅಳೆಯುತ್ತದೆ. ನಕ್ಷೆಯಲ್ಲಿ 2700 ಎಂದು ಬರೆದಿದ್ದರೆ ಅದು ಯಾವ ನೆಲದಿಂದ? ಎಳೆದವರಿಗೆ ಗೊತ್ತು, ಏಣಿಯ ಮೇಲೆ ನಿಂತವರಿಗೆ ಗೊತ್ತಿಲ್ಲ. ಹಂಚಿನ ಮಾಡಿನ ಇಳಿಜಾರಿಗೆ ಒತ್ತಿಕೊಂಡು ಹೋಗುವ ಟ್ರೇ ಮೂಲೆಯಲ್ಲಿ ಪಕ್ಕಕ್ಕೂ ಮೇಲಕ್ಕೂ ಒಟ್ಟಿಗೇ ತಿರುಗಬೇಕಾದರೆ ಅಂಥ ಬೆಂಡು ಕಾರ್ಖಾನೆಯ ಪಟ್ಟಿಯಲ್ಲಿ ಸಿಗುವುದಿಲ್ಲ, ತಂತ್ರಾಂಶವೂ ಕೂರಿಸುವುದಿಲ್ಲ. ಮೊದಲು ಪಕ್ಕಕ್ಕೆ ತಿರುಗಿಸಿ, ಸ್ವಲ್ಪ ನೇರ ಹೋಗಿ, ಆಮೇಲೆ ಮೇಲಕ್ಕೆತ್ತಬೇಕು. ಆ ನೇರದ ತುಂಡಿಗೂ ಜಾಗ ಬೇಕು. ಶೀಟಿನ ಮಾಡಿನ ಕೆಳಗೆ ಜನವರಿಯ ನಸುಕಿಗೂ ನಡುಹಗಲಿಗೂ 30 ಡಿಗ್ರಿ ವ್ಯತ್ಯಾಸವಾದರೆ 30 ಮೀಟರ್ ಉದ್ದದ ಉಕ್ಕಿನ ಟ್ರೇ ಸುಮಾರು 11 ಮಿ.ಮೀ. ಹಿಗ್ಗುತ್ತದೆ. ಎರಡು ಗೋಡೆಗಳ ನಡುವೆ ಬಿಗಿದಿಟ್ಟಿದ್ದರೆ ಎಲ್ಲಿಗೆ ಹೋಗಬೇಕು?

ಗೋಡೆಯ ತೂತು

ಟ್ರೇ ಗೋಡೆಯನ್ನೂ ನೆಲವನ್ನೂ ದಾಟುವ ಜಾಗ ಎಲ್ಲಕ್ಕಿಂತ ಮುಖ್ಯ. ಜನ ಸತ್ತಿರುವುದು ಇಲ್ಲಿ.

2010ರ ಫೆಬ್ರುವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್ಟನ್ ಟವರ್ಸ್ ಕಟ್ಟಡದಲ್ಲಿ 9 ಮಂದಿ ಪ್ರಾಣ ಕಳೆದುಕೊಂಡರು. ವಿದ್ಯುತ್ ಶಾಫ್ಟಿನಲ್ಲಿ ಶುರುವಾದ ಬೆಂಕಿಯ ಹೊಗೆ ಮೇಲಿನ ಮಹಡಿಗಳನ್ನು ತುಂಬಿಕೊಂಡಿತು. ಉಸಿರು ಕಟ್ಟಿ ಕೆಲವರು ಕಿಟಕಿಯಿಂದ ಹಾರಿದರು. ಆ ಮಧ್ಯಾಹ್ನದ ದೃಶ್ಯಗಳನ್ನು ಟೀವಿಯಲ್ಲಿ ನೋಡಿದವರು ಯಾರೂ ಮರೆತಿರಲಾರರು. ಅಂದು ತಮ್ಮವರನ್ನು ಕಳೆದುಕೊಂಡವರು ಬಿಯಾಂಡ್ ಕಾರ್ಲ್ಟನ್ ಎಂಬ ಸಂಘಟನೆ ಕಟ್ಟಿ ಅಗ್ನಿ ಸುರಕ್ಷತೆಗಾಗಿ ದುಡಿಯುತ್ತ ಬಂದಿದ್ದಾರೆ. ಮಹಡಿಯಿಂದ ಮಹಡಿಗೆ ಕೇಬಲ್ ಏರಲು ಬಿಟ್ಟ ತೂತನ್ನು ಮುಚ್ಚದಿದ್ದರೆ ಆ ಶಾಫ್ಟು ಹೊಗೆಯ ಕೊಳವೆಯಾಗುತ್ತದೆ. ನಮ್ಮ ನೆರೆಯ ಶರಾವತಿ ಕಣಿವೆಯಲ್ಲಿ, 1035 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರದಲ್ಲಿ, 2016ರ ಫೆಬ್ರುವರಿಯಲ್ಲಿ ಬೆಂಕಿ ಬಿದ್ದು ಕೇಬಲ್ಲುಗಳು ಸುಟ್ಟು ಉತ್ಪಾದನೆ ನಿಂತದ್ದೂ ಮಲೆನಾಡಿನವರಿಗೆ ನೆನಪಿದೆ.

ಇಂಥ ತೂತುಗಳ ಪಾಠವನ್ನು ಜಗತ್ತು ಬಹಳ ಮೊದಲೇ ಕಲಿತದ್ದು ಅಮೆರಿಕದ ಅಲಬಾಮಾ ರಾಜ್ಯದ ಬ್ರೌನ್ಸ್ ಫೆರ್ರಿ ಅಣು ವಿದ್ಯುತ್ ಸ್ಥಾವರದಲ್ಲಿ. 1975ರ ಮಾರ್ಚ್ 22ರಂದು ಅಲ್ಲಿ ಕೇಬಲ್ ಟ್ರೇಗಳು ಗೋಡೆ ದಾಟುವ ಕಿಂಡಿಯ ಮೂಲಕ ಗಾಳಿ ಸೋರುತ್ತಿದೆಯೇ ಎಂದು ಕೆಲಸಗಾರರು ಮೇಣದಬತ್ತಿ ಹಿಡಿದು ನೋಡಿದರು. ಕಿಂಡಿಗೆ ತುಂಬಿದ್ದ ಪಾಲಿಯುರೆಥೇನ್ ನೊರೆಗೆ ಬೆಂಕಿ ಹತ್ತಿತು. ಗಾಳಿಯ ಸೆಳೆತಕ್ಕೆ ಅದು ಗೋಡೆಯ ಆಚೆಗೆ ದಾಟಿತು. ಸುಮಾರು ಏಳು ಗಂಟೆ ಉರಿದ ಬೆಂಕಿಯಲ್ಲಿ 1600ಕ್ಕೂ ಹೆಚ್ಚು ಕೇಬಲ್ಲುಗಳು ಹಾಳಾದವು, ಎರಡು ರಿಯಾಕ್ಟರುಗಳ ಸುರಕ್ಷತಾ ವ್ಯವಸ್ಥೆಗಳು ಕೈಕೊಟ್ಟವು. ಅಮೆರಿಕದ ಅಣು ಸ್ಥಾವರಗಳ ಅಗ್ನಿ ನಿಯಮಗಳು ಆಮೇಲೆ ಹೊಸದಾಗಿ ಬರೆಯಲ್ಪಟ್ಟವು. ತೂತನ್ನು ಮುಚ್ಚಿದರಷ್ಟೇ ಸಾಲದು, ಸುಡದ ವಸ್ತುವಿನಿಂದ ಮುಚ್ಚಬೇಕು. ಕೇಬಲ್, ಕೊಳವೆಗಳು ಹಾಯುವ ಶಾಫ್ಟುಗಳು 120 ನಿಮಿಷ ಬೆಂಕಿ ತಾಳಬೇಕೆಂದು ನಮ್ಮ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ.

ಈಗ ಮಾದರಿಗೆ ಬನ್ನಿ. ವಾಸ್ತುಶಿಲ್ಪಿಯ ಕಡತದಲ್ಲಿರುವ ಗೋಡೆಯೊಳಗಿಂದ ವಿದ್ಯುತ್ತಿನವರ ಕಡತದ ಟ್ರೇ ಗಾಳಿಯಂತೆ ದಾಟಿಹೋಗುತ್ತದೆ. ಗೋಡೆಯಲ್ಲಿ ತಾನಾಗಿ ತೂತಾಗುವುದಿಲ್ಲ. ಯಾರೋ ಒಬ್ಬರು ಅಲ್ಲಿ ತೂತಿನ ವಸ್ತುವೊಂದನ್ನು ಇಟ್ಟು, ಅಳತೆ ಕೊಟ್ಟು, ಕಾಂಕ್ರೀಟಿನವರಿಗೂ ವಾಸ್ತುಶಿಲ್ಪಿಗೂ ಕಳಿಸಿ ಒಪ್ಪಿಗೆ ಪಡೆಯಬೇಕು. ಪಡೆಯದಿದ್ದರೆ ಕಾಂಕ್ರೀಟು ಗಟ್ಟಿಯಾದ ಮೇಲೆ ಡ್ರಿಲ್ಲಿನಿಂದ ಕೊರೆಯುತ್ತಾರೆ. ಹಾಗೆ ಕೊರೆದ ತೂತು ಯಾವ ನಕ್ಷೆಯಲ್ಲೂ ಇರುವುದಿಲ್ಲ. ನಕ್ಷೆಯಲ್ಲಿ ಇಲ್ಲದ ತೂತನ್ನು ಮುಚ್ಚಲು ಯಾರಿಗೂ ಹಣ ಕೊಟ್ಟಿರುವುದಿಲ್ಲ. ಫಾಲ್ಸ್ ಸೀಲಿಂಗ್ ಹಾಕಿದ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಪ್ರತಿ ತೂತಿಗೂ ಒಂದು ಸಂಖ್ಯೆ, ಅದನ್ನು ಮುಚ್ಚಿದ ಸಾಮಗ್ರಿಯ ಹೆಸರು, ಮುಚ್ಚಿದ ದಿನಾಂಕ ಮಾದರಿಯಲ್ಲಿ ಇರಲೇಬೇಕೆಂದು ನಾನು ಹಟ ಹಿಡಿಯುವುದು ಇದಕ್ಕೇ. ಕೇಬಲ್ ಹಾಕಲು ಕೈಜಾಗ ಬೇಕೆಂದೆನಲ್ಲ, ತೂತು ಮುಚ್ಚಲೂ ಅದೇ ಕೈ ಹೋಗಬೇಕು. ಗೋಡೆಗೆ ಒತ್ತಿಕೊಂಡು ಅಡ್ಡಲಾಗಿ ಡಕ್ಟು ಹೋಗಿದ್ದರೆ ಮುಚ್ಚುವವರು ಒಂದು ಪಕ್ಕ ಮಾತ್ರ ಮೆತ್ತಿ ಇಳಿದುಬರುತ್ತಾರೆ.

ಇಂಥ ಮಾದರಿಗಳನ್ನು ಎಳೆಯುವವರು ಯಾರು? ಕೊಲ್ಲಿ ದೇಶಗಳ, ಬ್ರಿಟನ್ನಿನ, ಅಮೆರಿಕದ ಕಟ್ಟಡಗಳ ಟ್ರೇಗಳಲ್ಲಿ ಎಷ್ಟೋ ಬೆಂಗಳೂರಿನ ಕಚೇರಿಗಳಲ್ಲಿ ಎಳೆಯಲ್ಪಡುತ್ತವೆ. ಅಲ್ಲಿ ಕೂತ ಹುಡುಗ ಹುಡುಗಿಯರಲ್ಲಿ ನಮ್ಮ ಬೆಟ್ಟಗಳಿಂದ ಹೋದವರೂ ಇದ್ದಾರೆ. ಚಿಕ್ಕಮಗಳೂರಿನಲ್ಲೇ 1980ರಿಂದ ಆದಿಚುಂಚನಗಿರಿ ಎಂಜಿನಿಯರಿಂಗ್ ಕಾಲೇಜು ನಡೆದುಬಂದಿದೆ. ಎಳೆಯುವ ಕೈಗೆ ತಂತ್ರಾಂಶದ ಗುಂಡಿಗಳು ಗೊತ್ತು. ದಪ್ಪ ಕೇಬಲ್ಲೊಂದನ್ನು ಮುಟ್ಟಿ, ಬಾಗಿಸಲು ಹೋಗಿ ಅದು ಬಾಗದ್ದನ್ನು ಕಂಡವರು ಅವರಲ್ಲಿ ಕಡಿಮೆ. ಕಾಲೇಜುಗಳು ಮೂರನೆಯ ವರ್ಷದಲ್ಲಿ ಒಂದು ದಿನ ಇವರನ್ನು ಯಾವುದಾದರೂ ಕ್ಯೂರಿಂಗ್ ಘಟಕದ ಪ್ಯಾನೆಲ್ ಕೋಣೆಗೆ ಕರೆದುಕೊಂಡು ಹೋಗಿ ಕೇಬಲ್ ಎಳೆಸಬೇಕು. ಆಮೇಲೆ ಅವರು ಎಳೆಯುವ ತಿರುವುಗಳು ತಾವಾಗಿ ಅಗಲವಾಗುತ್ತವೆ.

ಇನ್ನು ಮಣ್ಣಿನ ನಂಟು, ಅರ್ಥಿಂಗ್. ಏಪ್ರಿಲ್ ಮೇ ತಿಂಗಳ ಗುಡುಗು ಸಿಡಿಲಿಗೆ ಹೆಸರಾದ ಈ ಬೆಟ್ಟಗಳಲ್ಲಿ ಟ್ರೇಯ ಉದ್ದಕ್ಕೂ ಅರ್ಥಿಂಗ್ ಪಟ್ಟಿ ಹಾಯಬೇಕು, ಪ್ರತಿ ಜೋಡಣೆಯಲ್ಲೂ ಲೋಹಕ್ಕೆ ಲೋಹದ ಸಂಪರ್ಕ ಕಡಿಯಬಾರದು. ಬಣ್ಣ ಲೇಪಿಸಿದ ಟ್ರೇಯಾದರೆ ಜೋಡಣೆಯಲ್ಲಿ ಬಣ್ಣವೇ ತಡೆಯಾಗುತ್ತದೆ, ಅಲ್ಲಿ ತಾಮ್ರದ ಸೇತುವೆ ಬೇಕು. ಮಾದರಿಗಳಲ್ಲಿ ಈ ಪಟ್ಟಿಯನ್ನು ಎಳೆಯುವವರು ವಿರಳ. ಎಳೆಯದಿದ್ದರೂ ಟ್ರೇಯ ವಿವರದಲ್ಲಿ ಒಂದು ಸಾಲು ಬರೆದರೆ ಖರೀದಿಯ ಪಟ್ಟಿಗೆ ಅದು ಸೇರುತ್ತದೆ.

ಕಟ್ಟಡ ಮುಗಿದ ಮೇಲೆ ಮಾಲೀಕರ ಕೈಗೆ ಬರುವುದು ಬಹಳ ಸಲ ಒಂದು ಕಟ್ಟು ಕಾಗದ. ಮಾದರಿ ಎಲ್ಲೋ ಗುತ್ತಿಗೆದಾರರ ಕಂಪ್ಯೂಟರಿನಲ್ಲಿ ಉಳಿದುಬಿಡುತ್ತದೆ. ಐದಾರು ವರ್ಷ ಕಳೆದು ಕಣದ ಪಕ್ಕದ ಗೋದಾಮಿನ ಮಾಡಿಗೆ ಸೌರ ಫಲಕ ಹಾಕಬೇಕೆಂದುಕೊಳ್ಳುತ್ತಾರೆ, ಇಲ್ಲವೇ ಹೊಸ ಡ್ರೈಯರ್ ತರುತ್ತಾರೆ. ಆಗ ಬೇಕಾಗುವುದು ನಾಲ್ಕು ಮಾಹಿತಿ: ಯಾವ ಟ್ರೇಯಲ್ಲಿ ಈಗ ಎಷ್ಟು ಕೇಬಲ್ ಇದೆ, ಎಷ್ಟು ಜಾಗ ಉಳಿದಿದೆ, ಅದು ಯಾವ ಗೋಡೆಗಳನ್ನು ದಾಟುತ್ತದೆ, ಆ ತೂತುಗಳನ್ನು ಯಾವುದರಿಂದ ಮುಚ್ಚಿದೆ. ಟ್ರೇ, ಲ್ಯಾಡರ್, ತಂತಿ ತೂರಿಸುವ ಕಾಂಡುಯಿಟ್ ಕೊಳವೆಗಳನ್ನು ಬೇರೆಬೇರೆಯಾಗಿ ಗುರುತಿಸಿ, ಯಾವ ಕಂಪನಿಯ ತಂತ್ರಾಂಶಕ್ಕೂ ಕಟ್ಟುಬೀಳದೆ ಇಡಬಲ್ಲ ಐಎಫ್‌ಸಿ ಎಂಬ ಮುಕ್ತ ಕಡತದ ರೂಪವೂ ಇದೆ; 2013ರಲ್ಲೇ ಅದು ಐಎಸ್‌ಒ 16739 ಎಂದು ಅಂತರರಾಷ್ಟ್ರೀಯ ಮಾನದಂಡವಾಗಿದೆ. ಕಟ್ಟಿಸುವವರು ಒಪ್ಪಂದ ಬರೆಯುವಾಗಲೇ, ಕೊನೆಯ ಕಂತಿನ ಹಣಕ್ಕೆ ಮೊದಲು ಈ ನಾಲ್ಕೂ ಇರುವ ಮಾದರಿ ಆ ರೂಪದಲ್ಲಿ ತಮ್ಮ ಕೈ ಸೇರಬೇಕೆಂದು ಒಂದು ಸಾಲು ಸೇರಿಸಲಿ. ಸೇರಿಸಿದ ಮೇಲೆ, ಹಣ ಕೊಡುವ ಮೊದಲು, ತಮ್ಮ ಎಲೆಕ್ಟ್ರಿಷಿಯನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಕಡತ ತೆರೆದು ನೋಡಲಿ.